ಎಲ್ಲ ಸರಿಯಿದೆ

ಮೊದಲನೆಯ ಬೆಂಚು ಬಂದ ತಕ್ಷಣ ಎಡಮಂಡಿ ಹಿಡಿದುಕೊಂಡು ಕೂತುಬಿಡಬೇಕೆಂದು ಅವನು ಮೂರು ದಿನದ ಹಿಂದೆಯೇ ನಿಶ್ಚಯಿಸಿಕೊಂಡಿದ್ದ. ಎಡವೋ ಬಲವೋ ಎಂಬುದನ್ನೂ ಬಚ್ಚಲಮನೆಯ ಕನ್ನಡಿಯ ಮುಂದೆ ಎರಡು ಕಾಲಿನಲ್ಲೂ ಕುಂಟಿ ನೋಡಿಯೇ ತೀರ್ಮಾನಿಸಿದ್ದು. ಬಲಗಾಲಿನ ಕುಂಟು ಅಪ್ಪಟ ನಾಟಕದಂತೆ ಕಾಣುತ್ತಿತ್ತು; ಎಡಗಾಲಿನದರಲ್ಲಿ ಏನೋ ಒಂದು ಪ್ರಾಮಾಣಿಕತೆ ಇತ್ತು. ಮಾವ ತಿರುಗಿ ನೋಡುತ್ತಾರೆ, ಏನಾಯ್ತು ಅನ್ನುತ್ತಾರೆ, ಇವನು ಹಲ್ಲು ಕಚ್ಚಿ ‘ಏನಿಲ್ಲ, ನೀವು ಹೋಗಿ’ ಅನ್ನುತ್ತಾನೆ, ಅವರು ಹೋಗುತ್ತಾರೆ, ಇವನು ನಿಧಾನ ಇಳಿದು ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಸಂಜೆಯ ತನಕ ಪೇಪರ್ ಓದುತ್ತಾನೆ. ಇಷ್ಟು ಸರಳವಾದ ಯೋಜನೆ ಕೆಡುವುದಕ್ಕೆ ಜಾಗವೇ ಇರಲಿಲ್ಲ. ಆದರೆ ಆರು ಗಂಟೆಗೆ ಗೇಟು ದಾಟಿ ಒಂದು ಗಂಟೆಯಾದರೂ ಬೆಂಚು ಎಂಬುದು ಬಂದಿರಲಿಲ್ಲ. ಹೊಸ ಷೂ ಹಿಮ್ಮಡಿಯನ್ನು ಒಂದೇ ಸಮನೆ ಕಡಿಯುತ್ತಿತ್ತು. ಮೂವತ್ತು ಹೆಜ್ಜೆ ಮುಂದೆ ಮಾವನ ಬೆನ್ನು ಯಾರಪ್ಪನ ಮನೆ ಗಂಟು ಹೋಯಿತು ಎಂಬಂತೆ ಆರಾಮಾಗಿ ಮೇಲೇರುತ್ತಿತ್ತು, ಮತ್ತು ಪ್ರತಿ ತಿರುವಿಗೆ ಒಂದು ಸೀಟಿ ಕೇಳಿಸುತ್ತಿತ್ತು. ಆ ಹೊತ್ತಿಗೆ ದಾರಿಯಲ್ಲಿ ಇದ್ದವರೇ ಇಬ್ಬರು. ಆ ಸೀಟಿ ಯಾರಿಗೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮಾವ ಅಂದರೆ ನಿವೃತ್ತ ಡ್ರಿಲ್ ಮಾಸ್ತರು. ಮೂವತ್ತನಾಲ್ಕು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಎಡ-ಬಲ ಮಾಡಿಸಿದವರು. ನಿವೃತ್ತಿಯಾದ ಮೇಲೂ ಸೀಟಿ ಕೊರಳಿನಿಂದ ಇಳಿದಿಲ್ಲ. ಅವನ ಹೆಂಡತಿಯ ಪ್ರಕಾರ ಸ್ನಾನಕ್ಕೆ ಹೋದಾಗಲೂ ಅದನ್ನು ಮೊಳೆಗೆ ಸಿಕ್ಕಿಸಿ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡೇ ನೀರು ಹೊಯ್ದುಕೊಳ್ಳುತ್ತಾರೆ. ಪ್ರತಿ ಹುಟ್ಟುಹಬ್ಬಕ್ಕೆ ಈ ಬೆಟ್ಟದ ತುದಿ ಮುಟ್ಟಿ ಬರುವುದು ಅವರ ನೇಮ, ಮತ್ತು ಇವತ್ತಿಗೆ ಎಪ್ಪತ್ತು. “ಹನ್ನೊಂದು ವರ್ಷದಿಂದ ಅಪ್ಪ ಕರೀತಾನೇ ಇದ್ದಾರೆ, ನೀವು ಹನ್ನೊಂದು ನೆಪ ಹೇಳಿದ್ದೀರಿ, ಅದರಲ್ಲಿ ಎರಡು ಸಲ ಸತ್ತಿದ್ದು ಒಬ್ಬರೇ ಚಿಕ್ಕಪ್ಪ” ಎಂದು ಹೆಂಡತಿ ಹೇಳಿದ ಮೇಲೆ ಅವನು ಈ ಸಲ ಹೋಗಲು ಒಪ್ಪಿಕೊಂಡಿದ್ದ. ಚಿಕ್ಕಪ್ಪ ಇನ್ನೂ ಗಟ್ಟಿಮುಟ್ಟಾಗಿ ಇರುವುದು ಅವಳಿಗೆ ಗೊತ್ತಾಗಿದ್ದರಂತೂ ಮುಗಿದೇ ಹೋಗುತ್ತಿತ್ತು.

ಅವನು ಲಿಫ್ಟಿನ ಮೆಕ್ಯಾನಿಕ್ಕು. ಊರಿನ ಇಪ್ಪತ್ತಾರು ಕಟ್ಟಡಗಳ ಲಿಫ್ಟುಗಳು ಅವನ ಕೈಮೇಲೆ ನಡೆಯುತ್ತವೆ. ಮಾವ ಲಿಫ್ಟು ಹತ್ತುವವರಲ್ಲ. ಎಂಟನೇ ಮಹಡಿಯ ದಂತವೈದ್ಯರ ಹತ್ತಿರ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಮೆಟ್ಟಿಲಿಳಿದವರು. “ದೇವರು ಕಾಲು ಕೊಟ್ಟಿರೋದು ಷೂ ಹಾಕ್ಕೊಳ್ಳೋದಕ್ಕಾ? ನಿಮ್ಮ ಕಸುಬು ಏನು ಹೇಳಿ ಅಳಿಯಂದಿರೇ, ಜನರ ಕಾಲು ಕಿತ್ತುಕೊಳ್ಳೋದು” ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಾರೆ. ಅಳಿಯಂದಿರೇ, ಬನ್ನಿ, ಕೂತ್ಕೊಳ್ಳಿ. ಅಳಿಯ ಅಲ್ಲ ಮಗಳ ಗಂಡ ಎಂಬ ಗಾದೆ ಹುಟ್ಟಿದ್ದೇ ಇವರ ಮನೆಯಲ್ಲಿರಬೇಕು. ಅಷ್ಟು ಮರ್ಯಾದೆ ಕೊಟ್ಟು ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿದ್ದರು. ಕಾರಣ ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ಮದುವೆಯ ದಿನ ಕಲ್ಯಾಣಮಂಟಪದ ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಬಿಟ್ಟಿತು, ಒಳಗೆ ಆಗಿನ್ನೂ ಲಿಫ್ಟು ಹತ್ತುತ್ತಿದ್ದ ಮಾವ ಒಬ್ಬರೇ, ಕರೆಂಟೂ ಇಲ್ಲ. ಮದುಮಗ ಕೋಟು ಬಿಚ್ಚಿ ಹೆಂಡತಿಯಾಗುವವಳ ಕೈಗೆ ಕೊಟ್ಟು, ಅಡುಗೆಯವರ ಸೌಟಿನ ಹಿಡಿ ಸಿಕ್ಕಿಸಿ ಬಾಗಿಲು ಬಿಡಿಸಲು ನಲವತ್ತು ನಿಮಿಷ ಹಿಡಿಯಿತು. ಬಾಗಿಲು ಸರಿದಾಗ ಆ ಮನುಷ್ಯ ಮೂಲೆಯಲ್ಲಿ ನೆಲದ ಮೇಲೆ ಮಂಡಿ ತಬ್ಬಿ ಕೂತಿದ್ದರು. ಸೀಟಿ ತುಟಿಯ ನಡುವೆ ಇತ್ತು, ಊದುತ್ತಿರಲಿಲ್ಲ. ಮುಖ ಗಲ್ಲದ ತನಕ ಒದ್ದೆಯಾಗಿತ್ತು. ಒಂದು ಕ್ಷಣ ಅಷ್ಟೇ. ಅವನು ಥಟ್ಟನೆ ತಲೆಯೆತ್ತಿ ಬಾಗಿಲನ್ನು ಸರಿಸುವ ಮೇಲಿನ ರೋಲರನ್ನು ನೋಡತೊಡಗಿದ, ಮತ್ತೆ ಕಣ್ಣು ಇಳಿಸಿದಾಗ ಮಾವ ಎದ್ದು ನಿಂತು, ಮುಖ ಒರೆಸಿಕೊಂಡು, “ಎಷ್ಟು ಹೊತ್ತು ರೀ!” ಎಂದು ಗದರಿದ್ದರು. ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ತಡ ಮಾಡಿದ ಅಳಿಯ ಎಂಬ ಹೆಸರು ಮಾತ್ರ ಉಳಿದುಬಿಟ್ಟಿತು ಅಂದುಕೊಂಡು ಸುಮ್ಮನಿದ್ದ.

ಬೆಂಚು ಬಂದಾಗ ಏಳೂಕಾಲು. ಪಕ್ಕದ ಫಲಕದಲ್ಲಿ ತುದಿಗೆ ಇನ್ನೂ ಒಂಬೈನೂರು ಮೀಟರ್ ಎತ್ತರ ಎಂದು ಬರೆದಿತ್ತು. ಅವನ ತಲೆ ತಾನಾಗಿಯೇ ಅದನ್ನು ಮೂರರಿಂದ ಭಾಗಿಸಿತು: ಮುನ್ನೂರು ಮಹಡಿ. ಎಡಮಂಡಿಯತ್ತ ಕೈ ಹೊರಟಿತು. ಆದರೆ ನಾಟಕಕ್ಕೆ ಮುಂಚೆ ಬಾಯಿ ಒಣಗಿರಬಾರದೆಂದು, ದಾರಿಗೆಂದು ಪೆಪ್ಪರ್‌ಮಿಂಟು ಇಟ್ಟುಕೊಂಡಿದ್ದ ನೆನಪಾಗಿ ಪ್ಯಾಂಟಿನ ಜೇಬಿಗೆ ಕೈಹಾಕಿದ. ಹೆಂಡತಿ ಬೆಟ್ಟಕ್ಕೆಂದು ಬೇರೆ ಪ್ಯಾಂಟು ಇಸ್ತ್ರಿ ಮಾಡಿಟ್ಟಿದ್ದಳು. ಇವನು ಜೇಬು ಜಾಸ್ತಿ ಇದೆಯೆಂದು ನಿನ್ನೆಯ ಕೆಲಸದ ಪ್ಯಾಂಟನ್ನೇ ಹಾಕಿಕೊಂಡು ಬಂದಿದ್ದ. ಜೇಬಿನಿಂದ ಬಂದದ್ದು ಪೆಪ್ಪರ್‌ಮಿಂಟಲ್ಲ, ಒಂದು ಬೀಗದ ಕೈ. ಹಿತ್ತಾಳೆಯ ಬಿಲ್ಲೆಯ ಮೇಲೆ ಅವನದೇ ಅಕ್ಷರದಲ್ಲಿ ಕೆತ್ತಿದ್ದ ಸಂಖ್ಯೆ: ಹದಿನೇಳು. ಹದಿನೇಳನೇ ಕಟ್ಟಡದ ಯಂತ್ರಕೋಣೆ. ಬೀಗದ ಕೈ ಜೇಬಿನಲ್ಲಿರುವುದು ದೊಡ್ಡ ವಿಷಯವಲ್ಲ. ಆದರೆ ಅದನ್ನು ನೋಡಿದ ಕೂಡಲೇ ಅದರ ಹಿಂದೆಯೇ ಬೀಗ, ಬೀಗದ ಹಿಂದೆ ಬಾಗಿಲು, ಬಾಗಿಲ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಮೇಲಿನ ಕಪ್ಪು ತಿರುಪು ಸ್ವಿಚ್ಚು ಕಣ್ಣಿಗೆ ಬಂತು. ಅದು ‘ತಪಾಸಣೆ’ಯ ಕಡೆಗೇ ತಿರುಗಿತ್ತು. ‘ನಡೆ’ಯ ಕಡೆಗೆ ಅದನ್ನು ತಿರುಗಿಸಿದ ನೆನಪು ಎಲ್ಲಿ ಹುಡುಕಿದರೂ ಇರಲಿಲ್ಲ. ತಪಾಸಣೆಯಲ್ಲಿರುವ ಲಿಫ್ಟು ಯಾರ ಮಾತನ್ನೂ ಕೇಳುವುದಿಲ್ಲ. ಗುಂಡಿ ಒತ್ತಿ ಒತ್ತಿ ಬೆರಳು ಸವೆದರೂ ಜಪ್ಪಯ್ಯ ಅನ್ನುವುದಿಲ್ಲ.

ಅವನ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಕೆಲಸ ಮುಗಿಸಿದ ಮೇಲೆ ಕೈಯೆಲ್ಲ ಗ್ರೀಸು. ವಾಚ್‌ಮನ್ ಹತ್ತಿರ ಇಟ್ಟಿರುವ ತಪಾಸಣೆಯ ಪುಸ್ತಕ ಮುಟ್ಟಿದರೆ ಹಾಳೆಯೆಲ್ಲ ಕರಿ. ಆದ್ದರಿಂದ ಕೈ ಚೊಕ್ಕಟವಾಗಿರುವಾಗಲೇ ಮೊದಲು ಪುಸ್ತಕ ತೆಗೆದು ‘ತಪಾಸಣೆ ಮುಗಿದಿದೆ, ಎಲ್ಲ ಸರಿಯಿದೆ’ ಎಂದು ಬರೆದು ಸಹಿ ಹಾಕಿ, ಆಮೇಲೆ ಕೆಲಸ ಶುರು ಮಾಡುವುದು. ಹದಿನೇಳನೇ ಕಟ್ಟಡದ ಏಳನೇ ಮಹಡಿಯಲ್ಲಿ ಇರುವ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಮ್ಮೆ ಆ ಪುಸ್ತಕವನ್ನು ತರಿಸಿಕೊಂಡು, ಮೂರು ವರ್ಷದ ಹಾಳೆ ತಿರುವಿ ಹಾಕಿ, “ದಿನಾ ಒಂದೇ ವಾಕ್ಯ ಬರೀತೀಯಲ್ಲೋ, ಸ್ವಂತ ವಾಕ್ಯದಲ್ಲಿ ಬರಿ” ಎಂದಿದ್ದರು. ಅವರ ಕಾಲು ನಡೆಯುವುದಿಲ್ಲ. ಪ್ರತಿ ಭಾನುವಾರ ಹನ್ನೊಂದಕ್ಕೆ ಕಾರು ಬರುತ್ತದೆ, ಊರಾಚೆಯ ಆರೈಕೆ ಮನೆಯಲ್ಲಿರುವ ಗಂಡನನ್ನು ನೋಡಲು ಹೋಗುತ್ತಾರೆ. ಅಲ್ಲಿ ಹನ್ನೆರಡೂವರೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. “ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಆದ್ರೆ ಭಾನುವಾರ ಅಂತ ಗೊತ್ತಿರುತ್ತೆ. ಕಿಟಕಿ ಹತ್ರ ಬಂದು ಕೂತಿರ್ತಾರೆ” ಎಂದು ನಿನ್ನೆ ಗಾಲಿಕುರ್ಚಿಯಲ್ಲಿ ಕೂತು ಹೇಳಿದ್ದರು. ಗುರುವಾರದಿಂದ ಕೆಟ್ಟಿದ್ದ ಲಿಫ್ಟಿನೊಳಗೆ ತಲೆ ಹಾಕಿಕೊಂಡಿದ್ದ ಇವನು ತಲೆಯೆತ್ತದೆಯೇ, “ನಾಳೆ ನಡೆಯುತ್ತೆ ಮೇಡಂ, ನನ್ನ ಮಾತು” ಅಂದಿದ್ದ. ಆಮೇಲೆ ಮೇಲಿನ ಕೋಣೆಯಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಹೆಂಡತಿಯ ಆರನೇ ಫೋನು. ಷೂ ಅಂಗಡಿ ಮುಚ್ಚುತ್ತಾರೆ, ಎಲ್ಲಿ ಹಾಳಾಗಿ ಹೋದ್ರಿ. ಮಾತಾಡುತ್ತಲೇ ಬೀಗ ಹಾಕಿದ, ಮಾತಾಡುತ್ತಲೇ ಇಳಿದ; ಅದೂ ಮೆಟ್ಟಿಲ ಮೇಲೆ, ಯಾಕೆಂದರೆ ಲಿಫ್ಟಿನೊಳಗೆ ಹೋದರೆ ಫೋನು ಕಟ್ಟಾಗುತ್ತದೆ, ಕಟ್ಟಾದರೆ ಬೇಕಂತಲೇ ಕಟ್ ಮಾಡಿದ್ರಿ ಅನ್ನುತ್ತಾಳೆ. ಒಂದು ಸಲ, ಒಂದೇ ಒಂದು ಸಲ ತಾನು ರಿಪೇರಿ ಮಾಡಿದ ಲಿಫ್ಟಿನಲ್ಲಿ ತಾನೇ ಇಳಿದಿದ್ದರೆ!

“ಮಾವ, ಇಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ?”

ಮಾವ ಬೆಂಚಿನ ಮೇಲೆ ಕಾಲಿಟ್ಟು ಲೇಸು ಬಿಗಿಯುತ್ತಿದ್ದರು. “ಬೆಟ್ಟಕ್ಕೆ ಬಂದು ಸಿಗ್ನಲ್ ಕೇಳ್ತೀರಲ್ಲ ಅಳಿಯಂದಿರೇ. ಸಿಗೋದು ಒಂದೇ ಕಡೆ. ತುದೀಲಿ.”

“ಕೆಳಗೆ? ಚಹಾದಂಗಡಿಯವನ ಹತ್ರ?”

“ಅವನೂ ತುದಿಗೆ ಹೋಗೇ ಮಾಡೋದು. ವಾರಕ್ಕೊಂದು ಸಲ ಹಾಲಿನ ಪುಡಿ ತರಿಸೋದಕ್ಕೆ ಹತ್ತುತ್ತಾನೆ. ಇನ್ನು ಬಸ್ಸು ಅಂದ್ರೆ ಹತ್ತೂವರೆಗೆ. ಊರು ಮುಟ್ಟೋದು ಹನ್ನೆರಡು. ಯಾಕೆ, ಆಗಲೇ ಹೆಂಡ್ತಿ ನೆನಪಾಯ್ತಾ?”

ಹೇಳಿಬಿಡಬಹುದಿತ್ತು. ಮಾವ, ಹೀಗೀಗೆ ಆಗಿದೆ ಅಂತ. ಆದರೆ ಆ ಮುಖದಲ್ಲಿ ನಗು ಹೇಗೆ ಹರಡಬಹುದು, ಅದು ಎಷ್ಟು ಊಟಗಳಿಗೆ ಉಪ್ಪಿನಕಾಯಿ ಆಗಬಹುದು ಎಂಬುದೆಲ್ಲ ಕಣ್ಣಿಗೆ ಕಟ್ಟಿತು. ಒಳ್ಳೇದೇ ಆಯ್ತಲ್ಲ ಅಳಿಯಂದಿರೇ, ಹತ್ತಲಿ ಬಿಡಿ ಎಲ್ಲರೂ ಮೆಟ್ಟಿಲು! ಅದು ಬಿಸಿತುಪ್ಪ; ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಮುನ್ನೂರು ಮಹಡಿ, ಮೂರು ಮುಕ್ಕಾಲು ಗಂಟೆ. ಎಡಮಂಡಿಯನ್ನು ಒಂದು ಸಲ ಆಸೆಯಿಂದ ಸವರಿದ, ಕೈ ತೆಗೆದ. “ಹಾಗಾದ್ರೆ ನಡೀರಿ ಮಾವ, ಯಾಕೆ ಕೂತ್ಕೋಬೇಕು” ಎಂದು ಅವರನ್ನು ದಾಟಿ ಹೊರಟ.

ಮುಂದಿನ ಎರಡು ಗಂಟೆ ಅವನು ಬೆಟ್ಟವನ್ನು ನೋಡಲೇ ಇಲ್ಲ. ಯಾರೋ ಇಳಿಯುವವರು ಆ ಕಣಿವೆ ನೋಡಿ, ಮೋಡ ನೋಡಿ ಎಂದರು. ಅವನು ತಲೆಯಾಡಿಸಿ ತನ್ನ ಷೂವನ್ನೇ ನೋಡಿದ. ಕೆಳಗಿನ ಬಂಡೆಯಿಂದ ಮೇಲಿನ ಪೊದೆಯ ತನಕ ಇಪ್ಪತ್ತೊಂದು ಮೀಟರ್ ಇರಬಹುದು. ಅಂದರೆ ಏಳು ಮಹಡಿ, ಅಂದರೆ ಆ ಹೆಂಗಸಿಗೂ ಅವರ ಕಾರಿಗೂ ನಡುವಿನ ದೂರ. ಅದನ್ನು ಅವನು ಹತ್ತುತ್ತಿದ್ದ, ಮುಗಿಸಿ ಮತ್ತೊಂದು ಏಳು ಮಹಡಿ ಹತ್ತುತ್ತಿದ್ದ, ಶಿಕ್ಷೆಗೆ ನೂರು ಸಲ ಒಂದೇ ವಾಕ್ಯ ಬರೆಸಿದ ಹಾಗೆ. ಎದೆ ಹಳೆಯ ಮೋಟಾರಿನಂತೆ ಸದ್ದು ಮಾಡುತ್ತಿತ್ತು, ಬೇರಿಂಗು ಹೋಗಿರುವ ಸದ್ದು; ಅದು ಅವನಿಗೆ ಚೆನ್ನಾಗಿ ಗೊತ್ತು. ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬಾಕೆ “ಸ್ವಲ್ಪ ಪಕ್ಕಕ್ಕೆ” ಎಂದು ಅವನನ್ನು ದಾಟಿಹೋದಳು, ಕೂಸು ಹಿಂದಿರುಗಿ ಅವನನ್ನು ಕನಿಕರದಿಂದ ನೋಡಿತು. ಈಗ ಒಂಬತ್ತೂವರೆ, ಈಗ ಮೇಡಂ ತಲೆ ಬಾಚಿಸಿಕೊಳ್ಳುತ್ತಿರಬೇಕು. ನಿನ್ನೆ ಹೆಂಡತಿ ಫೋನಿನಲ್ಲಿ ಕೇಳಿದ್ದು, ಕಪ್ಪೋ ಕಂದೋ, ಷೂವಿನ ಬಣ್ಣ. ಕಂದು ಎಂದು ಹೇಳುವಾಗಲೇ ಅವನ ಕೈ ಬೀಗ ಒತ್ತಿತ್ತು. ಒಂದು ಕಂದಿಗೋಸ್ಕರ.

ಹಿಂದಿನಿಂದ ಸೀಟಿಯ ಬದಲು ಮಾತು ಬರತೊಡಗಿತು. “ಭಲೇ! ಹಾಗೆ! ಮುಂಗಾಲು ಒತ್ತಿ!” ಮಾವ ಕೈಗಡಿಯಾರ ನೋಡಿಕೊಂಡು ಏದುಸಿರಿನಲ್ಲಿ ಬಂದರು. ಮುಖವೆಲ್ಲ ಸಂತೋಷ. “ನನ್ನ ವಯಸ್ಸಿನಲ್ಲಿ... ಅಲ್ಲ, ನಿಮ್ಮ ವಯಸ್ಸಿನಲ್ಲಿ ನಾನೂ ಹೀಗೇ. ನಾನು ಏನೇನೋ ಅಂದ್ಕೊಂಡಿದ್ದೆ ನಿಮ್ಮ ಬಗ್ಗೆ. ನನ್ನ ಮಗಳು ಸುಮ್ಸುಮ್ನೆ ನಿಮ್ಮನ್ನ ಒಪ್ಪಿಲ್ಲ ಬಿಡಿ.” ಈ ಒಂದು ಮಾತಿಗೆ ಅವನು ಹನ್ನೊಂದು ವರ್ಷ ಕಾದಿದ್ದ. ಬಂದೇ ಬಂತು, ಬೇರೆಯವರ ವಿಳಾಸದ ಪಾರ್ಸಲ್ಲು ತನ್ನ ಬಾಗಿಲಿಗೆ ಬಂದ ಹಾಗೆ. ಸಹಿ ಹಾಕಿ ಇಟ್ಟುಕೊಳ್ಳಲೂ ನಾಚಿಕೆ, ನನ್ನದಲ್ಲ ಅನ್ನಲೂ ನಾಲಿಗೆ ಏಳಲಿಲ್ಲ. “ಏನೋ ಮಾವ, ನಿಮ್ಮ ಆಶೀರ್ವಾದ” ಎಂದ. ಹಾಗಂದಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕೊನೆಯ ಏರಿಗೆ ಮುಂಚೆ ಒಂಟಿಮರವೊಂದಿತ್ತು, ಅದರ ಬುಡದಲ್ಲಿ ನೆರಳು. ಮಾವ ಅಲ್ಲಿ ನಿಂತರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. “ನೋಟ ಇಲ್ಲಿಂದಲೇ ಚೆನ್ನ ನೋಡಿ. ಇಲ್ಲಿಗೆ ಸಾಕು ಅಂದ್ರೂ ಸಾಕು. ತುದೀಲಿ ಏನಿದೆ, ಬರೀ ಗಾಳಿ.”

“ಇಲ್ಲ ಮಾವ. ತುದಿ ಮುಟ್ಟಲೇಬೇಕು.”

“ಮುಟ್ಟಲೇಬೇಕಾ?”

“ನೀವು ಇಲ್ಲೇ ಇರಿ ಬೇಕಾದ್ರೆ. ನಾನು ಹೋಗಿ ಬರ್ತೀನಿ.”

ಮಾವ ಅವನನ್ನು ವಿಚಿತ್ರವಾಗಿ ನೋಡಿದರು. ಎಪ್ಪತ್ತು ವರ್ಷದ ಡ್ರಿಲ್ ಮಾಸ್ತರಿಗೆ ನೀವು ಇಲ್ಲೇ ಇರಿ ಅನ್ನುವುದು ಎಂಥ ಮಾತು ಎಂಬುದು ಅಂದಮೇಲೆ ಅವನಿಗೆ ಹೊಳೆಯಿತು. ಆದರೆ ಹೊಳೆದು ಏನು ಮಾಡುವುದು, ಹತ್ತೂ ಇಪ್ಪತ್ತಾಗಿತ್ತು. ಅವನು ಹೊರಟ. ಹಿಂದೆ ಕಲ್ಲು ಜಾರುವ ಸದ್ದು ಕೇಳುತ್ತಲೇ ಇತ್ತು.

ತುದಿಯಲ್ಲಿ ಕಬ್ಬಿಣದ ಕಂಬಿಯ ಬೇಲಿ ಹಾಕಿದ್ದರು. ಮಾವ ಅದನ್ನು ಹಿಡಿದು ನಿಂತು, ಬಾಗಿ ಉಸಿರು ತೆಗೆದುಕೊಳ್ಳುತ್ತ, “ಇದನ್ನ ಯಾವಾಗ ಹಾಕಿದ್ರು?” ಎಂದು ಯಾರನ್ನೋ ಕೇಳಿದರು. ಆ ಗಾಬರಿಯಲ್ಲೂ ಮೆಕ್ಯಾನಿಕ್ಕಿನ ಕಣ್ಣು ಕಂಬಿಯ ತುಕ್ಕನ್ನು ಅಳೆದುಬಿಟ್ಟಿತು: ಕಡಿಮೆಯೆಂದರೂ ಐದು ವರ್ಷದ ತುಕ್ಕು. ಹೋದ ವರ್ಷ, ಅದರ ಹಿಂದಿನ ವರ್ಷ ಹುಟ್ಟುಹಬ್ಬದ ಸಂಜೆ ಮಾವ ಮನೆಗೆ ಬಂದು ತುದಿಯ ಗಾಳಿಯ ಬಗ್ಗೆ ಅರ್ಧ ಗಂಟೆ ಹೇಳಿದ್ದರು. ಅದನ್ನು ಯೋಚಿಸುವ ಹೊತ್ತು ಅದಾಗಿರಲಿಲ್ಲ. ಯಾಕೆಂದರೆ ಸಿಗ್ನಲ್ ಸಿಗುತ್ತಿದ್ದದ್ದು ಇಡೀ ತುದಿಯಲ್ಲಲ್ಲ, ಒಂದು ಚಪ್ಪಟೆ ಬಂಡೆಯ ಮೇಲೆ ಮಾತ್ರ, ಮತ್ತು ಆ ಬಂಡೆಗೆ ಸಾಲು ನಿಂತಿತ್ತು.

ಮುಂದೆ ಐದು ಜನ. ಬಂಡೆಯ ಮೇಲಿದ್ದ ಮನೆ ದಲ್ಲಾಳಿ ಯಾರಿಗೋ ಎರಡು ಬಚ್ಚಲುಮನೆಯ ಲಾಭಗಳನ್ನು ಕೂಗಿ ಹೇಳುತ್ತಿದ್ದ. “ಸ್ವಲ್ಪ ಅರ್ಜೆಂಟಿತ್ತು” ಎಂದು ಇವನು ಮುಂದಿನವನ ಹೆಗಲು ಮುಟ್ಟಿದ. “ಅರ್ಜೆಂಟಿಲ್ಲದೆ ಯಾರಾದ್ರೂ ಇಷ್ಟು ದೂರ ಬರ್ತಾರಾ?” ಎಂದನವನು. ನ್ಯಾಯವಾದ ಮಾತೇ. ಒಬ್ಬ ಹುಡುಗಿ ತಾಯಿಗೆ ಬೆಳಗ್ಗೆ ಎಷ್ಟು ಬ್ರೆಡ್ ತಿಂದೆ ಎಂದು ಲೆಕ್ಕ ಒಪ್ಪಿಸಿದಳು, ತಾಯಿ ನಂಬಲಿಲ್ಲ, ಮತ್ತೆ ಒಪ್ಪಿಸಿದಳು. ಹನ್ನೊಂದು ಹೊಡೆಯಿತು. ಹನ್ನೊಂದೂ ಹತ್ತಕ್ಕೆ ಅವನ ಪಾಳಿ ಬಂತು.

“ಹಲೋ, ನಾನು, ಲಿಫ್ಟಿನವನು!”

“ಯಾರು? ಬರೀ ಗಾಳಿ ಸಾರ್” ಎಂದ ಹದಿನೇಳನೇ ಕಟ್ಟಡದ ವಾಚ್‌ಮನ್.

“ಲಿಫ್ಟಿನವನು!”

“ಲಿಫ್ಟು ಕೆಟ್ಟಿದೆ ಸಾರ್!”

“ಕೆಟ್ಟಿಲ್ಲ! ನಾನೇ ಮರೆತೆ! ಸ್ವಿಚ್ಚು ತಿರುಗಿಸೋದು ಮರೆತು, ಬೀಗ ಹಾಕ್ಕೊಂಡು, ಕೀ ಜೇಬಲ್ಲಿಟ್ಕೊಂಡು ಬಂದುಬಿಟ್ಟಿದ್ದೀನಿ! ತಪ್ಪು ನಂದೇ! ಎಲ್ಲಾ ನಂದೇ!” ಗಾಳಿಯನ್ನು ಗೆಲ್ಲಲು ಗಂಟಲು ಹರಿಯುವಂತೆ ಕಿರುಚಿದ್ದ. ಸಾಲಿನವರೆಲ್ಲ ಮಾತು ನಿಲ್ಲಿಸಿದರು. ಬೆನ್ನಿನ ಕೂಸೂ ಅಲ್ಲೇ ಇತ್ತು. ಕಂಬಿಯ ಹತ್ತಿರ ಮಾವ ತಲೆಯೆತ್ತಿದರು. “ಮೇಡಂ ಎಲ್ಲಿದ್ದಾರೆ?” ಎಂದು ಇವನು ಮತ್ತೆ ಫೋನಿಗೆ ಕೂಗಿದ.

“ಏಳನೇ ಮಹಡೀಲೇ ಸಾರ್. ಹತ್ತು ಗಂಟೆಯಿಂದ ಲಿಫ್ಟಿನ ಬಾಗಿಲ ಮುಂದೇನೇ ಕೂತಿದ್ದಾರೆ. ಕಾರು ಕೆಳಗೆ ನಿಂತಿದೆ. ಕುರ್ಚಿ ಸಮೇತ ಹೊತ್ಕೊಂಡು ಇಳಿಸ್ತೀವಿ ಅಂದ್ವಿ, ಕೋಲು ಎತ್ತಿದ್ರು. ಲಿಫ್ಟಿನವನು ಮಾತು ಕೊಟ್ಟಿದ್ದಾನೆ, ಬರ್ತಾನೆ ಅಂತಾರೆ.”

ಅವನ ಕಣ್ಣಿಗೆ ನೀರು ಬಂತು. ಗಾಳಿಗೆ ಅಂದುಕೊಳ್ಳಲಿ ಎಂದು ಮುಖವನ್ನು ಗಾಳಿಗೇ ಒಡ್ಡಿದ. “ಬೀಗ ಒಡಿ” ಎಂದ.

“ಒಡೆಯೋದಾ? ಕಾರ್ಯದರ್ಶಿಗಳನ್ನ ಕೇಳ್ಬೇಕು ಸಾರ್. ಭಾನುವಾರ ಅವರು ಏಳೋದೇ ಮಧ್ಯಾಹ್ನ. ಆಮೇಲೆ ನನ್ನ ತಲೆ ಮೇಲೆ...”

ಫೋನು ಅವನ ಕೈಯಲ್ಲಿರಲಿಲ್ಲ. ಮಾವ ಬಂಡೆಯ ಮೇಲಿದ್ದರು. “ಏಯ್! ಅಟೆನ್ಷನ್!” ಸಾಲಿನಲ್ಲಿದ್ದವರೆಲ್ಲ ಸೆಟೆದು ನಿಂತರು, ದಲ್ಲಾಳಿ ಕೂಡ. “ಸುತ್ತಿಗೆ ಇದೆಯಾ? ಇಲ್ವಾ? ಕಲ್ಲು ತಗೋ. ಮೇಲಕ್ಕೆ ಓಡು. ಫೋನ್ ಕಿವಿ ಬಿಡಬಾರದು. ಎಡ, ಬಲ! ಎಡ, ಬಲ! ಯಾವ ಮಹಡಿ? ಮೂರಾ? ಯಾಕೆ ನಿಂತೆ? ನಿಲ್ಲು ಅಂದ್ನಾ ನಾನು?” ಹೀಗೆ ಎಲ್ಲೋ ಇದ್ದ ಒಬ್ಬ ವಾಚ್‌ಮನ್ನನ್ನು ಬೆಟ್ಟದ ತುದಿಯಿಂದ ಮೆಟ್ಟಿಲು ಹತ್ತಿಸಿದರು. ಕಲ್ಲಿನ ಏಟು ನಾಲ್ಕು ಕೇಳಿಸಿದವು. ಇವನು ಪಕ್ಕದಿಂದ ಹೇಳಿಕೊಟ್ಟಂತೆ “ತಿರುಪು ಕಾಣ್ತಾ? ಕಪ್ಪಗಿರುತ್ತೆ?” ಎಂದು ಕೇಳಿ, ಅಳಿಯನತ್ತ ತಿರುಗಿ ಹುಬ್ಬೇರಿಸಿದರು. ಬಲಕ್ಕೆ ಎಂದ ಇವನು. “ಬಲಕ್ಕೇ... ತಿರುಗ್!”

ಆಗ ಅದು ಕೇಳಿಸಿತು. ಫೋನಿನ ಸಣ್ಣ ಜಾಲರಿಯೊಳಗಿಂದ, ಗಾಳಿಯ ನಡುವೆ, ಮೋಟಾರು ಎದ್ದ ಸದ್ದು. ಬೇರಿಂಗು ಚೆನ್ನಾಗಿತ್ತು. ಅವನು ಬಂಡೆಯ ಅಂಚಿನಲ್ಲಿ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ವಾಚ್‌ಮನ್ ಏಳನೇ ಮಹಡಿಗಿಳಿದು ಫೋನನ್ನು ಮೇಡಂ ಕೈಗೆ ಕೊಟ್ಟ; ಇತ್ತ ಮಾವ ಇವನ ಕೈಗೆ ಕೊಟ್ಟರು. “ನಿನ್ನ ಪುಸ್ತಕ ತರಿಸಿ ನೋಡಿದೆ” ಎಂದರು ಹೆಡ್‌ಮಿಸ್ಟ್ರೆಸ್. “ಎಲ್ಲ ಸರಿಯಿದೆ ಅಂತ ಬರೆದಿದ್ದೀಯ.”

“ತಪ್ಪಾಯ್ತು ಮೇಡಂ. ನನ್ನಿಂದ ತಡ ಆಯ್ತು. ಅಲ್ಲಿ ಸಾಹೇಬ್ರು ಕಾಯ್ತಿರ್ತಾರೆ...”

“ಕಾಯ್ಲಿ. ಐವತ್ತು ವರ್ಷ ಊಟ ಇಟ್ಕೊಂಡು ನಾನು ಕಾದಿಲ್ವಾ? ಇವತ್ತು ಅರ್ಧ ಗಂಟೆ ಅವರು ಕಾಯ್ಲಿ. ಹನ್ನೆರಡೂವರೆ ಒಳಗೆ ಮುಟ್ತೀನಿ. ನೀನು ಸೋಮವಾರ ಬಂದು ಸ್ವಂತ ವಾಕ್ಯದಲ್ಲಿ ಬರಿ.” ಬಾಗಿಲು ಸರಿಯುವ ಸದ್ದಾಯಿತು, ಫೋನು ಕಟ್ಟಾಯಿತು. ಒಳಗೆ ಹೋಗಿದ್ದರು.

“ಮುಗೀತಾ? ಜಾಗ ಬಿಡಿ” ಎಂದರು ಸಾಲಿನವರು.

ಮಾವ ಬಂಡೆಯಿಂದ ಇಳಿದು ಕಂಬಿಯ ಹತ್ತಿರ ಹೋಗಿ ನಿಂತರು. ಆಮೇಲೆ, “ಇದಕ್ಕಾ ನೀನು ಓಡಿದ್ದು?” ಎಂದರು.

“ಹೌದು ಮಾವ.”

“ನನ್ನ ಹುಟ್ಟುಹಬ್ಬಕ್ಕಲ್ಲ.”

“ಅಲ್ಲ ಮಾವ.” ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಬೈಗುಳಕ್ಕೆ ತಲೆಬಾಗಿ ನಿಂತ. ಮಾವ ಬೈಯಲಿಲ್ಲ. ಇಳಿಯಲು ಹೊರಟರು, ಹತ್ತು ಹೆಜ್ಜೆ ಇಟ್ಟರು, ಒಂದು ಕಲ್ಲಿನ ಮೇಲೆ ಕೂತರು. ಎಡಮಂಡಿ ಹಿಡಿದುಕೊಂಡಿದ್ದರು.

“ಏನಾಯ್ತು ಮಾವ?”

ಅವರು ಹಲ್ಲು ಕಚ್ಚಿದರು. “ಏನಿಲ್ಲ. ನೀನು ಹೋಗು.”

ಕನ್ನಡಿಯ ಮುಂದೆ ಅವನು ಇದೇ ಮಾತನ್ನು ಹತ್ತು ಸಲ ಹೇಳಿಕೊಂಡಿದ್ದ. ಇಷ್ಟು ಚೆನ್ನಾಗಿ ಒಂದು ಸಲವೂ ಬಂದಿರಲಿಲ್ಲ. ಒಂದು ಕ್ಷಣ ನಾಟಕವೇ ಇರಬೇಕೆಂದು ಅನುಮಾನಿಸಿದ, ಆಮೇಲೆ ಆ ಮಂಡಿ ನೋಡಿದ. ಬಾತು ಬೆಲ್ಲದಚ್ಚಿನಷ್ಟಾಗಿತ್ತು. ಅದನ್ನು ಊದಿಸಿದ್ದು ಯಾರು ಎಂಬುದಕ್ಕೆ ತಪಾಸಣೆ ಬೇಕಿರಲಿಲ್ಲ. ಅವನು ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. “ಹತ್ತಿ.”

“ಹುಚ್ಚಾ ನಿಂಗೆ? ನಾನೇನು ಮಗುವಾ?”

“ಹತ್ತಿ ಮಾವ. ಇಳಿಸೋದು ನನ್ನ ಕಸುಬು.”

ಮಾವ ಕೈಯಾಡಿಸಿದರು, ಸಿಡುಕಿದರು, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹತ್ತಿದರು. ಭಾರವಿದ್ದರು, ಆದರೆ ಅವನು ಅಂದುಕೊಂಡಷ್ಟಲ್ಲ. ಅವನ ಬೆನ್ನಿಗೂ ಅವರ ಎದೆಗೂ ನಡುವೆ ಸಿಕ್ಕಿಕೊಂಡ ಸೀಟಿ ಪ್ರತಿ ಹೆಜ್ಜೆಗೆ ಒತ್ತುತ್ತಿತ್ತು, ಹಿಮ್ಮಡಿ ಉರಿಯುತ್ತಿತ್ತು. ಒಂಟಿಮರದ ಹತ್ತಿರ ಒಮ್ಮೆ ನಿಂತು ಉಸಿರು ತೆಗೆದುಕೊಂಡ. ಮತ್ತೆ ಹೊರಟಾಗ ಕಿವಿಯ ಹತ್ತಿರ ಮಾವನ ದನಿ ಬಂತು, ಸಣ್ಣಗೆ.

“ಅವತ್ತು ನೀನು ನೋಡಿದೆ.”

“ಯಾವತ್ತು?”

“ಮದುವೆ ದಿನ. ಬಾಗಿಲು ತೆಗೆದೆಯಲ್ಲ, ಆಗ. ನಾನು ಅಳ್ತಾ ಇದ್ದೆ. ಕತ್ತಲು. ಊದೋಣ ಅಂದ್ರೆ ಉಸಿರೇ ಇಲ್ಲ. ಇಲ್ಲೇ ಸತ್ತೋಗ್ತೀನಿ, ಮಗಳ ಮದುವೇನೂ ನೋಡಲ್ಲ ಅನ್ನಿಸ್ತು. ನೀನು ನೋಡಿಬಿಟ್ಟೆ. ಆವತ್ತಿಂದ ನಿನ್ನ ಮುಖ ಕಂಡ್ರೆ ಸಾಕು, ನಂಗೆ ಅದೇ. ಅದಕ್ಕೇ ಬಾಯಿಗೆ ಬಂದಿದ್ದು ಅಂದಿದ್ದೀನಿ ನಿಂಗೆ, ಇಷ್ಟು ವರ್ಷ.”

ಆ ಮುಖ ಎದುರಿಗೆ ಬಂತು, ಮೂಲೆ, ತಬ್ಬಿದ ಮಂಡಿ, ಗಲ್ಲದ ಒದ್ದೆ. ಹನ್ನೊಂದು ವರ್ಷ! ತಡವಾಯಿತೆಂದಲ್ಲ, ಲಿಫ್ಟಿನವನೆಂದಲ್ಲ. ಅವನು ಮುಂದಿನ ಹೆಜ್ಜೆ ಇಡುವ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದ. ಅಲುಗಾಡಲಿಲ್ಲ.

“ನಾನು ನೋಡ್ಲಿಲ್ಲ ಮಾವ.”

“ಸುಳ್ಳು.”

“ಬಾಗಿಲಿನ ಮೇಲಿನ ರೋಲರ್ ನೋಡ್ತಾ ಇದ್ದೆ. ನಮ್ಮ ಕಸುಬಿನವರಿಗೆ ಬಾಗಿಲು ತೆರೆದ ಕೂಡ್ಲೇ ಕಾಣೋದು ಅದೇ. ಒಳಗೆ ಯಾರಿದ್ದಾರೆ ಅನ್ನೋದು ಆಮೇಲೆ. ತಲೆ ಇಳಿಸಿದಾಗ ನೀವು ನಿಂತ್ಕೊಂಡು ನನ್ನ ಗದರಿಸ್ತಾ ಇದ್ರಿ.”

ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. ಕೊರಳ ಸುತ್ತ ಬಿಗಿಯಾಗಿದ್ದ ಅವರ ಕೈಗಳು ಸಡಿಲವಾದವು, ಗಲ್ಲ ಅವನ ಹೆಗಲ ಮೇಲೆ ಇಳಿಯಿತು.

“ಏನಾಗಿತ್ತು ಅದಕ್ಕೆ?” ಎಂದರು.

“ಯಾವುದಕ್ಕೆ?”

“ಅದೇ, ರೋಲರ್‌ಗೆ.”

ಹನ್ನೊಂದು ವರ್ಷದಲ್ಲಿ ಅವರು ಅವನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. “ಸವೆದಿತ್ತು ಮಾವ. ಒಂದು ಪಕ್ಕಕ್ಕೆ ವಾಲಿ ಬಾಗಿಲು ಕಚ್ಚಿಕೊಂಡಿತ್ತು. ತುಂಬಾ ದಿನದಿಂದ ಹಾಗೇ ಇದ್ದಿರ್ಬೇಕು, ಯಾರೂ ತಲೆಯೆತ್ತಿ ನೋಡಿರ್ಲಿಲ್ಲ.”

“ಹೂಂ” ಎಂದರು ಮಾವ. “ಆಮೇಲೆ?”

ಅವನು ಹೇಳುತ್ತ ಇಳಿದ. ರೋಲರು ಎಷ್ಟು ಬಗೆ, ಯಾವುದು ಬೇಗ ಸವೆಯುತ್ತದೆ, ಹಗ್ಗ ಯಾಕೆ ಕಡಿದು ಬೀಳುವುದಿಲ್ಲ, ಬಿದ್ದರೂ ಯಾವುದು ಹಿಡಿಯುತ್ತದೆ. ಮಾವ ನಡುನಡುವೆ ಹೂಂಗುಟ್ಟಿದರು. ಮೊದಲನೆಯ ಬೆಂಚು ಬಂದಾಗ ಅವನ ಎಡಮಂಡಿ ನಿಜವಾಗಿಯೂ ನಡುಗುತ್ತಿತ್ತು.

“ಇಳಿಸ್ಲಾ ಮಾವ, ಸ್ವಲ್ಪ ಹೊತ್ತು?”

“ಬೇಡ. ಗೇಟು ಕಾಣೋ ತನಕ ನಡಿ” ಎಂದರು ಮಾವ. “ಹಗ್ಗದ ವಿಷಯ ಇನ್ನೊಂದ್ಸಲ ಹೇಳು.”